ನಾಯಿ ಬೆಕ್ಕುಗಳಿಗೂ ಹೊಕ್ಕುಳುಂಟು



ನಮ್ಮ ಚನ್ನಗಿರಿ ಸೀಮೆಯಲ್ಲಿ ನಾಯಿ ಬೆಕ್ಕುಗಳಿಲ್ಲದ ತೋಟದ ಮನೆ ಅಪರೂಪ. ಕೊಯ್ಲಿನ ಕಾಲದಲ್ಲಿ ಬೇಯಿಸಿ ಕಣದಲ್ಲಿ ಹರವಿದ ಅಡಿಕೆಗೆ ರಾತ್ರಿ ಕಾವಲು ನಾಯಿಯದು. ಅಟ್ಟದ ಮೇಲಿನ ಚೀಲಗಳಿಗೆ ಇಲಿ ಬಾಯಿ ಹಾಕದಂತೆ ನೋಡಿಕೊಳ್ಳುವ ಕೆಲಸ ಬೆಕ್ಕಿನದು. ಇಷ್ಟು ಹತ್ತಿರದಲ್ಲಿ ಬೆಳೆಯುವ ಈ ಪ್ರಾಣಿಗಳ ಮೈಮೇಲೆ ನಮ್ಮಲ್ಲಿ ಬಹುಮಂದಿ ಕಂಡೇ ಇಲ್ಲದ ಗುರುತೊಂದಿದೆ. ಅದು ಹೊಕ್ಕುಳು. "ನಮ್ಮ ನಾಯಿಗೆ ಹೊಕ್ಕುಳು ಎಲ್ಲಿದೆ?" ಎಂದು ಮನೆಯ ಮಕ್ಕಳು ಕೇಳಿದರೆ ಹಿರಿಯರು ನಕ್ಕು ಸುಮ್ಮನಾಗುವುದುಂಟು. ಪ್ರಶ್ನೆ ತಮಾಷೆಯದಾಗಿ ಕಂಡರೂ ಅದರ ಉತ್ತರ ಬಹಳ ಉಪಯುಕ್ತವಾದದ್ದು.

ನಾಯಿಗೂ ಹೊಕ್ಕುಳಿದೆ, ಬೆಕ್ಕಿಗೂ ಇದೆ. ಹಸು, ಎಮ್ಮೆ, ಮೇಕೆ, ಇಲಿಗೂ ಇದೆ. ಆದರೆ ಆರೋಗ್ಯವಂತ ಪ್ರಾಣಿಯ ಹೊಕ್ಕುಳು ಹುಡುಕದೆ ಕಾಣುವಂಥದಲ್ಲ. ಹುಡುಕದೆಯೇ ಕಣ್ಣಿಗೆ ಬೀಳುವಷ್ಟು ಅದು ಉಬ್ಬಿದ್ದರೆ, ಕೆಂಪಾಗಿದ್ದರೆ, ಒದ್ದೆಯಾಗಿದ್ದರೆ, ಅಲ್ಲಿ ಏನೋ ತೊಂದರೆಯಿದೆ ಎಂದು ತಿಳಿಯತಕ್ಕದ್ದು. ಈ ಪಾಠದಲ್ಲಿ ನಾವು ಹೇಳಬೇಕೆಂದಿರುವುದು ಇದೊಂದೇ ಮಾತು. ನಾಯಿಮರಿಯ ಹೊಟ್ಟೆಯ ಮೇಲೆ ಇದನ್ನು ಕಲಿತವರಿಗೆ ಕೊಟ್ಟಿಗೆಯ ಕರುವನ್ನು ಉಳಿಸಿಕೊಳ್ಳುವ ದಾರಿಯೂ ತಿಳಿಯುತ್ತದೆ.

ಹೊಕ್ಕುಳೆಂದರೆ ಏನು?

ಗರ್ಭದಲ್ಲಿರುವ ಮರಿ ತಾನಾಗಿ ಉಣ್ಣುವುದಿಲ್ಲ, ತಾನಾಗಿ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಹಾರ ಮತ್ತು ಪ್ರಾಣವಾಯು ತಾಯಿಯ ರಕ್ತದಿಂದ ಮಾಸಿಗೆ ಬಂದು, ಅಲ್ಲಿಂದ ಹೊಕ್ಕುಳಬಳ್ಳಿಯ ಮೂಲಕ ಮರಿಯನ್ನು ಸೇರುತ್ತವೆ. ನಾಯಿಯಲ್ಲಿ ಸುಮಾರು 63 ದಿನ, ಬೆಕ್ಕಿನಲ್ಲಿ 63ರಿಂದ 67 ದಿನ, ಹಸುವಿನಲ್ಲಿ ಸುಮಾರು 280 ದಿನ, ಎಮ್ಮೆಯಲ್ಲಿ ಸುಮಾರು 310 ದಿನ ಈ ಬಳ್ಳಿಯೇ ಮರಿಯ ಜೀವಾಧಾರ.

ಮಾಸಿನ ಆಕಾರ ಮಾತ್ರ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಮನುಷ್ಯರಲ್ಲಿ ಅದು ದುಂಡು ತಟ್ಟೆಯಂತಿರುತ್ತದೆ. ನಾಯಿ ಬೆಕ್ಕುಗಳಲ್ಲಿ ಮರಿಯ ಸುತ್ತ ನಡುಪಟ್ಟಿ ಬಿಗಿದಂತಿರುತ್ತದೆ. ಹಸುವಿನಲ್ಲಿ ಅನೇಕ ಗುಂಡಿಗಳ ರೂಪದಲ್ಲಿ ಗರ್ಭಕೋಶಕ್ಕೆ ಅಂಟಿಕೊಂಡಿರುತ್ತದೆ. ಹಸು ಕರು ಹಾಕಿದ ಮೇಲೆ ಮಾಸು ಬೀಳಲು ತಡವಾಗುವುದು ಈ ಗುಂಡಿಗಳು ಬಿಡಿಸಿಕೊಳ್ಳದಿರುವುದರಿಂದಲೇ.

ಹುಟ್ಟಿದ ಮೇಲೆ ಬಳ್ಳಿಯ ಕೆಲಸ ಮುಗಿಯಿತು. ಉಳಿದ ತುಂಡು ಒಣಗಿ ಉದುರುತ್ತದೆ, ಉದುರಿದ ಜಾಗ ಮಾಯ್ದು ಗುರುತು ಉಳಿಯುತ್ತದೆ. ನಮ್ಮ ಅಡಿಕೆ ಮರವನ್ನೇ ನೋಡಿ. ಹಣ್ಣಾದ ಸೋಗೆ ಹಾಳೆಯೊಡನೆ ತಾನಾಗಿ ಕಳಚಿ ಬಿದ್ದಲ್ಲಿ ಕಾಂಡದ ಮೇಲೆ ಒಂದು ಉಂಗುರ ಉಳಿಯುತ್ತದೆ. ಹೊಕ್ಕುಳೂ ಅಂಥದೇ ಒಂದು ಉದುರುಗುರುತು. ಹಸಿ ಹಾಳೆಯನ್ನು ಎಳೆದು ಕಿತ್ತರೆ ಕಾಂಡಕ್ಕೆ ಗಾಯವಾಗುವಂತೆ ಹಸಿ ಬಳ್ಳಿಯನ್ನು ಎಳೆದು ಕಿತ್ತರೆ ಮರಿಯ ಹೊಟ್ಟೆಗೆ ಗಾಯವಾಗುತ್ತದೆ.

ಹೊರಗೆ ಕಾಣುವುದಕ್ಕಿಂತ ಒಳಗಿನ ಸಂಗತಿ ಮುಖ್ಯವಾದದ್ದು. ಬಳ್ಳಿಯಿಂದ ಒಳಕ್ಕೆ ಮೂರು ದಾರಿಗಳಿವೆ. ಒಂದು, ಯಕೃತ್ತಿಗೆ ಹೋಗುವ ಅಭಿಧಮನಿ. ಎರಡು, ಮೂತ್ರಕೋಶದ ಎರಡೂ ಬದಿಯಲ್ಲಿ ಹಾಯುವ ಅಪಧಮನಿಗಳು. ಮೂರು, ಮೂತ್ರಕೋಶದ ತುದಿಯಿಂದ ಬರುವ ಸಣ್ಣ ನಾಳ. ಹುಟ್ಟಿದ ಕೆಲವು ದಿನಗಳಲ್ಲಿ ಇವೆಲ್ಲ ಮುಚ್ಚಿ ಬರೀ ನಾರಿನ ಎಳೆಗಳಾಗಿ ಉಳಿಯುತ್ತವೆ. ಮುಚ್ಚುವವರೆಗೆ ಹೊಕ್ಕುಳು ತೆರೆದ ಬಾಗಿಲು. ಆ ಬಾಗಿಲಿನಿಂದ ಒಳಹೊಕ್ಕ ರೋಗಾಣು ನೆಟ್ಟಗೆ ಯಕೃತ್ತಿಗೂ ರಕ್ತಕ್ಕೂ ಸೇರುತ್ತದೆ.

ಮೊಟ್ಟೆಯೊಡೆದು ಬರುವ ಕೋಳಿಮರಿಗೂ ಇಂಥ ಬಾಗಿಲಿದೆ. ಮೊಟ್ಟೆಯ ಹಳದಿ ಭಾಗವು ಹೊಟ್ಟೆಯೊಳಕ್ಕೆ ಸೇರಿಕೊಂಡ ಜಾಗ ಅದು. ಅದು ಸರಿಯಾಗಿ ಮುಚ್ಚದ ಮರಿಗಳು ಮೊದಲ ವಾರದಲ್ಲೇ ಸಾಯುವುದನ್ನು ಕೋಳಿ ಸಾಕುವವರು ಬಲ್ಲರು.

ಹುಡುಕುವುದು ಹೇಗೆ?

ನಾಯಿಯನ್ನಾಗಲಿ ಬೆಕ್ಕನ್ನಾಗಲಿ ಪಕ್ಕಕ್ಕೆ ಮಲಗಿಸಿ ಹೊಟ್ಟೆ ಸವರುತ್ತಾ ನೋಡಿ. ಎದೆಗೂಡು ಮುಗಿಯುವಲ್ಲಿಂದ ಸ್ವಲ್ಪ ಹಿಂದಕ್ಕೆ, ಹೊಟ್ಟೆಯ ನಡುಗೆರೆಯ ಮೇಲೆ ಬೆರಳಾಡಿಸಿದರೆ ಕೂದಲು ತೆಳುವಾದ, ಚಪ್ಪಟೆಯಾದ ಸಣ್ಣ ಕಲೆ ಸಿಕ್ಕುತ್ತದೆ. ಕೆಲವು ಪ್ರಾಣಿಗಳಲ್ಲಿ ಅಲ್ಲಿ ಕೂದಲು ಸುಳಿಯಾಗಿ ತಿರುಗಿರುತ್ತದೆ. ನಮ್ಮ ಹೊಕ್ಕುಳಿನಂತೆ ಕುಳಿ ಇರುವುದಿಲ್ಲ. ಉದ್ದ ಕೂದಲಿನ ನಾಯಿಯಲ್ಲಿ ಇದು ಕಾಣುವುದು ಕಷ್ಟ. ಮುಧೋಳ ನಾಯಿಯಂಥ ಗಿಡ್ಡ ಕೂದಲಿನ, ಹೊಟ್ಟೆ ಬಳುಕಿದ ತಳಿಯಲ್ಲಿ ಸುಲಭ. ನಮ್ಮ ನಾಡಿನ ಈ ತಳಿಯ ಚಿತ್ರವುಳ್ಳ ಅಂಚೆ ಚೀಟಿ 2005ರಲ್ಲಿ ಹೊರಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ಹುಡುಕುವಾಗ ಎರಡು ವಸ್ತುಗಳನ್ನು ಹೊಕ್ಕುಳೆಂದು ತಪ್ಪು ತಿಳಿಯಬಾರದು. ಮೊದಲನೆಯದು ಮೊಲೆತೊಟ್ಟು. ನಾಯಿಗೆ ಸಾಮಾನ್ಯವಾಗಿ 8ರಿಂದ 10, ಬೆಕ್ಕಿಗೆ 8 ತೊಟ್ಟುಗಳು ಎರಡು ಸಾಲಾಗಿರುತ್ತವೆ. ಗಂಡಿಗೂ ಇರುತ್ತವೆ. ಹೊಕ್ಕುಳು ನಡುಗೆರೆಯ ಮೇಲೆ ಒಂದೇ ಒಂದು. ಎರಡನೆಯದು ಉಣ್ಣೆ. ರಕ್ತ ಕುಡಿದು ಊದಿದ ಉಣ್ಣೆ ಗಂಟಿನಂತೆ ಕಾಣುತ್ತದೆ, ಆದರೆ ಚರ್ಮಕ್ಕೆ ತಗುಲಿದ ಕಡೆ ಕಾಲುಗಳು ಕಾಣುತ್ತವೆ. ಗಂಡುನಾಯಿಯ ತೊಟ್ಟನ್ನು ಉಣ್ಣೆಯೆಂದು ಭಾವಿಸಿ ಚಿವುಟಿ ಗಾಯ ಮಾಡುವುದೂ ಉಂಟು. ಕಿತ್ತುಹಾಕುವ ಮುನ್ನ ಚೆನ್ನಾಗಿ ನೋಡಿ.

ತಾಯಿಯ ಹಲ್ಲಿನ ಕೆಲಸ

ನಾಯಿ ಬೆಕ್ಕುಗಳ ಬಳ್ಳಿಯನ್ನು ಕತ್ತರಿಸುವ ಸೂಲಗಿತ್ತಿ ತಾಯಿಯೇ. ಅದು ಪಕ್ಕದ ದವಡೆ ಹಲ್ಲಿನಿಂದ ಅಗಿದು ಜಜ್ಜಿ ಹರಿಯುತ್ತದೆ. ಹರಿತವಾದ ಕತ್ತರಿಯಿಂದ ಥಟ್ಟನೆ ಕತ್ತರಿಸಿದರೆ ರಕ್ತ ಸುರಿಯುತ್ತದೆ. ಜಜ್ಜಿ ಹರಿದರೆ ನಾಳಗಳು ಮುದುಡಿಕೊಂಡು ರಕ್ತ ಬೇಗ ನಿಲ್ಲುತ್ತದೆ. ಆದುದರಿಂದ ತಾಯಿ ತನ್ನ ಕೆಲಸ ಮಾಡುತ್ತಿದ್ದರೆ ನಾವು ಕೈಹಾಕಕೂಡದು. ತಾಯಿ ಮಾಸನ್ನು ತಿಂದರೆ ಗಾಬರಿಯಾಗಬೇಕಾಗಿಲ್ಲ, ಅದು ಅದರ ಸ್ವಭಾವ.

ನಾವು ಸಹಾಯಕ್ಕೆ ಹೋಗಬೇಕಾದ ಸಂದರ್ಭಗಳು ಇವು:

1. ಮರಿ ಪೊರೆಯೊಳಗೇ ಹುಟ್ಟಿ, ಒಂದೆರಡು ನಿಮಿಷವಾದರೂ ತಾಯಿ ಪೊರೆ ಹರಿಯದಿದ್ದರೆ, ನಾವೇ ಹರಿದು ಮರಿಯ ಮೂಗು ಬಾಯಿ ಒರೆಸಿ, ಶುದ್ಧ ಬಟ್ಟೆಯಿಂದ ಮೈ ಉಜ್ಜಬೇಕು.

2. ಬಳ್ಳಿ ಹರಿಯದೆ ಉಳಿದರೆ, ಕುದಿಸಿದ ದಾರದಿಂದ ಹೊಟ್ಟೆಯಿಂದ ಒಂದು ಅಂಗುಲ ದೂರದಲ್ಲಿ ಕಟ್ಟಿ, ಕಟ್ಟಿನ ಆಚೆಗೆ ಕುದಿಸಿದ ಕತ್ತರಿಯಿಂದ ಕತ್ತರಿಸಬೇಕು. ಮರಿಯ ಕಡೆಯ ಬಳ್ಳಿಯನ್ನು ಎಳೆಯಕೂಡದು.

3. ಮೊದಲ ಮರಿ ಹೊರಬರುವ ಮೊದಲೇ ನಾಯಿಗೆ ಕಡು ಹಸಿರು ಸ್ರಾವವಾಗಿ, ಮರಿ ಬಾರದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಾಸು ಗರ್ಭಕೋಶದಿಂದ ಬಿಟ್ಟಿದೆಯೆಂದು, ಒಳಗಿರುವ ಮರಿಗೆ ಪ್ರಾಣವಾಯು ನಿಲ್ಲುತ್ತಿದೆಯೆಂದು ಇದರ ಅರ್ಥ. ಮರಿಗಳ ಜೊತೆಯಲ್ಲಿ, ಅವು ಹುಟ್ಟಿದ ಮೇಲೆ ಹಸಿರು ಬಣ್ಣ ಕಂಡರೆ ಅದು ಸಹಜ.

ಬೆಕ್ಕಿನಲ್ಲಿ ಇನ್ನೊಂದು ಅಪಾಯವಿದೆ. ನಮ್ಮ ಬೆಕ್ಕುಗಳು ಮರಿಹಾಕುವುದು ಅಟ್ಟದ ಗೋಣಿಚೀಲಗಳ ಸಂದಿಯಲ್ಲಿ, ಇಲ್ಲವೆ ಹುಲ್ಲಿನ ಮೆದೆಯಲ್ಲಿ. ಮೂರು ನಾಲ್ಕು ಮರಿಗಳ ಬಳ್ಳಿಗಳು ಗೋಣಿಯ ನಾರಿನೊಡನೆ ಹೆಣೆದುಕೊಂಡು ಒಣಗಿ ಹಗ್ಗದಂತಾಗುತ್ತವೆ. ಅದು ಮರಿಯ ಕಾಲಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಂತು ಕಾಲೇ ಕೊಳೆಯುತ್ತದೆ. ಮರಿಗಳು ಗಂಟಾಗಿ ಅಂಟಿಕೊಂಡು ಕೂಗುತ್ತಿದ್ದರೆ ಬೆಚ್ಚನೆಯ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಗಂಟನ್ನು ಮೃದುಮಾಡಿ, ಹೊಟ್ಟೆಯ ಕಡೆ ಎಳೆತ ಬೀಳದಂತೆ ಸಣ್ಣ ಕತ್ತರಿಯಿಂದ ಬಿಡಿಸಿ. ಬೆಕ್ಕು ಗಬ್ಬವಾಗಿದೆಯೆಂದು ತಿಳಿದ ಕೂಡಲೆ ಒಂದು ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯಿಟ್ಟು, ಒಗೆದ ಹಳೆಯ ಹತ್ತಿ ಬಟ್ಟೆ ಹಾಸಿದರೆ ಈ ತೊಂದರೆಯೇ ಬಾರದು. ಅಡಿಕೆ ಸಿಪ್ಪೆಯನ್ನೂ ಗೋಣಿಯನ್ನೂ ಹಾಸಕೂಡದು.

ಮರಿಗಳ ಬಳ್ಳಿ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ, ತಡವೆಂದರೆ ಐದು ದಿನದೊಳಗೆ ಒಣಗಿ ಉದುರುತ್ತದೆ.

ಉಬ್ಬಿದ ಹೊಕ್ಕುಳು

ಬಳ್ಳಿ ಉದುರಿದ ಮೇಲೆ ಹೊಟ್ಟೆಯ ಸ್ನಾಯುವಿನಲ್ಲಿದ್ದ ರಂಧ್ರ ಮುಚ್ಚಬೇಕು. ಕೆಲವು ಮರಿಗಳಲ್ಲಿ ಮುಚ್ಚುವುದಿಲ್ಲ. ಆಗ ಒಳಗಿನ ಕೊಬ್ಬು, ಕೆಲವೊಮ್ಮೆ ಕರುಳು, ಆ ರಂಧ್ರದಿಂದ ಚರ್ಮದ ಕೆಳಕ್ಕೆ ನುಗ್ಗಿ ಉಂಡೆಯಂತೆ ಕಾಣುತ್ತದೆ. ಇದಕ್ಕೆ ಹೊಕ್ಕುಳ ಹರ್ನಿಯಾ ಎನ್ನುತ್ತಾರೆ. ಪೇಟೆಯಿಂದ ತಂದ ಮರಿಯ ಹೊಟ್ಟೆಯಲ್ಲಿ ಇಂಥ ಉಂಡೆ ಕಂಡರೆ "ಹೊಕ್ಕುಳು ದೊಡ್ಡದು" ಎಂದು ಹೇಳಿ ಬಿಡುವುದುಂಟು. ಅದು ದೊಡ್ಡ ಹೊಕ್ಕುಳಲ್ಲ, ಮುಚ್ಚದ ರಂಧ್ರ.

ಪರೀಕ್ಷಿಸುವ ಕ್ರಮ ಹೀಗೆ. ಮರಿಯನ್ನು ಅಂಗಾತ ಮಲಗಿಸಿ, ಉಂಡೆಯನ್ನು ಬೆರಳಿನಿಂದ ಮೃದುವಾಗಿ ಒತ್ತಿ. ಮೆತ್ತಗಿದ್ದು, ನೋವಿಲ್ಲದೆ ಒಳಕ್ಕೆ ಹೋದರೆ ಅವಸರವಿಲ್ಲ. ಒಳಕ್ಕೆ ಹೋದ ಮೇಲೆ ರಂಧ್ರದ ಅಂಚು ಬೆರಳಿಗೆ ಸಿಕ್ಕುತ್ತದೆ. ಕಿರುಬೆರಳ ತುದಿಯೂ ಹೋಗದಷ್ಟು ಚಿಕ್ಕದಾದರೆ ಮರಿ ಆರು ತಿಂಗಳಿನದಾಗುವಷ್ಟರಲ್ಲಿ ಅದು ತಾನಾಗಿ ಮುಚ್ಚುವ ಸಾಧ್ಯತೆಯಿದೆ. ಬೆರಳು ಹೋಗುವಷ್ಟು ದೊಡ್ಡದಾದರೆ ಕರುಳು ಸಿಕ್ಕಿಕೊಳ್ಳುವ ಭಯವಿರುವುದರಿಂದ ಪಶುವೈದ್ಯರಿಗೆ ತೋರಿಸಬೇಕು. ಇದನ್ನು ಹೊಲಿಯುವ ಶಸ್ತ್ರಚಿಕಿತ್ಸೆ ದೊಡ್ಡದೇನಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವಾಗಲೇ ಇದನ್ನೂ ಮಾಡಿಸಿದರೆ ಒಂದೇ ಸಲ ಅರಿವಳಿಕೆ ಸಾಕು.

ಉಂಡೆ ಗಟ್ಟಿಯಾಗಿ ಬಿಸಿಯಾಗಿ, ಒತ್ತಿದರೆ ಮರಿ ಕಿರುಚಿ, ಒಳಕ್ಕೆ ಹೋಗದೆ, ವಾಂತಿಯೂ ಆಗುತ್ತಿದ್ದರೆ ಕರುಳು ಸಿಕ್ಕಿಬಿದ್ದಿದೆಯೆಂದು ತಿಳಿಯಿರಿ. ಆಗ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ನಾಳೆ ನೋಡೋಣವೆಂದರೆ ಮರಿ ಉಳಿಯುವುದು ಕಷ್ಟ.

ಹೊಕ್ಕುಳ ಮೇಲೆ ನಾಣ್ಯವಿಟ್ಟು ಬಿಗಿಯಾಗಿ ಕಟ್ಟುವ ವಾಡಿಕೆ ಕೆಲವೆಡೆ ಇದೆ. ಇದರಿಂದ ರಂಧ್ರ ಮುಚ್ಚುವುದಿಲ್ಲ, ಚರ್ಮ ಹುಣ್ಣಾಗುತ್ತದೆ. ಬಹುಮಟ್ಟಿಗೆ ಇದು ವಂಶದಿಂದ ಬರುವ ದೋಷ. ಆದುದರಿಂದ ಹರ್ನಿಯಾ ಇರುವ ನಾಯಿಯಿಂದ ಮರಿ ತೆಗೆಯಬಾರದು. ಒಳ್ಳೆಯ ಮರದ ಗೋಟನ್ನೇ ಬೀಜಕ್ಕೆ ಆರಿಸುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕೆಂಪಾದ ಹೊಕ್ಕುಳು

ಬಳ್ಳಿ ಒಣಗುವ ಬದಲು ಒದ್ದೆಯಾಗಿಯೇ ಇದ್ದು, ಸುತ್ತ ಕೆಂಪೇರಿ, ಕೀವು ಕಂಡು, ಮರಿ ಹಾಲು ಬಿಟ್ಟು ನರಳುತ್ತಿದ್ದರೆ ರೋಗಾಣು ಒಳಹೊಕ್ಕಿದೆ. ಹುಟ್ಟಿದ ಮರಿಗಳು ದಿನ ಕಳೆಯುವುದರೊಳಗೆ ಒಂದೊಂದಾಗಿ ಸಾಯುವುದಕ್ಕೆ ಇದೂ ಒಂದು ಕಾರಣ. "ದೃಷ್ಟಿಯಾಯಿತು" ಎಂದು ಕೈಬಿಡುವ ಮುನ್ನ ಉಳಿದ ಮರಿಗಳ ಹೊಟ್ಟೆ ತಿರುಗಿಸಿ ನೋಡಿ. ಮರಿಗೆ ಕೊಡುವ ಔಷಧಿಯ ಪ್ರಮಾಣ ಅತಿ ಸೂಕ್ಷ್ಮವಾದದ್ದರಿಂದ ವೈದ್ಯರೇ ಕೊಡಬೇಕು.

ಮಳೆಗಾಲದಲ್ಲಿ ಒದ್ದೆ ಹೊಕ್ಕುಳಿಗೆ ನೊಣ ಕೂತು ಹುಳ ಬೀಳುತ್ತದೆ. ಅದಕ್ಕೆ ಸೀಮೆಎಣ್ಣೆ, ಫಿನೈಲ್ ಸುರಿಯುವುದು ಕೆಟ್ಟ ಪದ್ಧತಿ. ಬೆಕ್ಕಿನ ವಿಷಯದಲ್ಲಂತೂ ಇದು ಪ್ರಾಣಕ್ಕೇ ಅಪಾಯ. ಫಿನೈಲ್ ಜಾತಿಯ ವಿಷವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಮೈಗೆ ತಗುಲಿದ್ದನ್ನು ನೆಕ್ಕಿಯೇ ಅದು ವಿಷವೇರಿಸಿಕೊಳ್ಳುತ್ತದೆ. ಬೆಕ್ಕು ಮರಿಹಾಕಿದ ಕೋಣೆಯನ್ನು ಫಿನೈಲಿನಿಂದ ತೊಳೆಯಲೂ ಕೂಡದು. ಸಾಬೂನು ನೀರಿನಿಂದ ತೊಳೆದು ಒಣಗಿಸಿದರೆ ಸಾಕು.

ಕರುವಿನ ಹೊಕ್ಕುಳು

ಇಷ್ಟನ್ನು ತಿಳಿದ ಮೇಲೆ ಕೊಟ್ಟಿಗೆಗೆ ಬರೋಣ. ನಾಯಿಮರಿಗೆ ತಾಯಿ ಬಳ್ಳಿಯನ್ನು ಜಜ್ಜಿ ಹರಿಯುತ್ತದೆ. ಕರು ನೆಲಕ್ಕೆ ಬೀಳುವಾಗ ಬಳ್ಳಿ ತಾನಾಗಿ ಹರಿಯುತ್ತದೆ. ಅಲ್ಲದೆ ಅದು ಬೆರಳುಗಾತ್ರದ್ದು, ಒಣಗಲು ಹೆಚ್ಚು ದಿನ ಬೇಕು. ಒಂದು ವಾರದವರೆಗೂ ಬಾಗಿಲು ಪೂರ್ತಿ ಮುಚ್ಚಿದಂತಲ್ಲ. ಅದರ ಕೆಳಗಿರುವುದು ಸೆಗಣಿ ಗಂಜಲದ ನೆಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ತೋಟಕ್ಕೆ ಗೊಬ್ಬರ ಬೇಕೆಂದು ಕೊಟ್ಟಿಗೆಯಲ್ಲಿ ಸೊಪ್ಪು ತರಗು ಹಾಸಿ, ಗಂಜಲ ಹೀರಲೆಂದು ದಿನಗಟ್ಟಲೆ ಬಿಡುತ್ತೇವೆ. ಅಡಿಕೆ ಮರಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಆದರೆ ಆ ಒದ್ದೆ ಹಾಸಿನ ಮೇಲೆ ಹಸಿ ಹೊಕ್ಕುಳಿನ ಕರು ಮಲಗಕೂಡದು. ಕೊಟ್ಟಿಗೆಯ ಒಂದು ಮೂಲೆಯನ್ನು ಗಬ್ಬದ ಹಸುವಿಗೆಂದು ಬೇರೆಮಾಡಿ, ತೊಳೆದು, ಒಣ ಹುಲ್ಲು ಹಾಸಿ, ಆ ಹುಲ್ಲನ್ನು ದಿನವೂ ಬದಲಿಸಿ. ತೆಗೆದ ಹುಲ್ಲು ಗೊಬ್ಬರದ ಗುಂಡಿಗೇ ಹೋಗುವುದರಿಂದ ನಷ್ಟವೇನೂ ಇಲ್ಲ.

ಕರು ಹುಟ್ಟಿದ ಕೂಡಲೆ ಮಾಡಬೇಕಾದದ್ದು:

1. ಕೈ ತೊಳೆದುಕೊಂಡು ಹೊಕ್ಕುಳಬಳ್ಳಿಯನ್ನು ನೋಡಿ. ರಕ್ತ ಸುರಿಯುತ್ತಿದ್ದರೆ, ಇಲ್ಲವೆ ನೆಲ ಮುಟ್ಟುವಷ್ಟು ಉದ್ದವಿದ್ದರೆ, ಹೊಟ್ಟೆಯಿಂದ ಸುಮಾರು ಎರಡು ಅಂಗುಲ ಬಿಟ್ಟು ಕುದಿಸಿದ ದಾರದಿಂದ ಕಟ್ಟಿ, ಕಟ್ಟಿನ ಕೆಳಗೆ ಕತ್ತರಿಸಿ. ತಾನಾಗಿ ಹರಿದು ರಕ್ತ ನಿಂತಿದ್ದರೆ ಕಟ್ಟುವ ಅಗತ್ಯವಿಲ್ಲ.

2. ಬಾಯಗಲದ ಸಣ್ಣ ಬಟ್ಟಲಿನಲ್ಲಿ ಟಿಂಚರ್ ಅಯೋಡಿನ್ ಹಾಕಿ ಬಳ್ಳಿಯನ್ನು ಬುಡದವರೆಗೆ ಅದರಲ್ಲಿ ಅದ್ದಿ. ಹತ್ತಿಯಿಂದ ಸವರಿದರೆ ತುದಿಯೊಳಕ್ಕೆ ಔಷಧಿ ಇಳಿಯುವುದಿಲ್ಲ. ಬಳ್ಳಿ ಒಣಗುವವರೆಗೆ ಮೂರು ನಾಲ್ಕು ದಿನ ಹೀಗೆ ಮಾಡಿ. ಒಂದು ಕರುವಿಗೆ ಬಳಸಿ ಉಳಿದುದನ್ನು ಶೀಶೆಗೆ ಮರಳಿ ಸುರಿಯಬೇಡಿ.

3. ಬೂದಿ, ಸೆಗಣಿ, ಸುಟ್ಟ ಎಣ್ಣೆ ಇವುಗಳನ್ನು ಹಚ್ಚಕೂಡದು. ಸೆಗಣಿ ಮತ್ತು ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ.

4. ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. 25 ಕಿಲೋ ತೂಕದ ಕರುವಿಗೆ ಮೊದಲ 24 ಗಂಟೆಗಳಲ್ಲಿ ಎರಡೂವರೆ ಲೀಟರಿಗೆ ಕಡಿಮೆಯಾಗದಂತೆ ಹೋಗಬೇಕು.

ಗಿಣ್ಣಿಗೂ ಹೊಕ್ಕುಳಿಗೂ ಏನು ಸಂಬಂಧವೆಂದು ಕೇಳಬಹುದು. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಹೊಕ್ಕುಳಬಳ್ಳಿಯ ಮೂಲಕವೇ ಮಗುವಿಗೆ ಬರುತ್ತವೆ. ನಾಯಿ ಬೆಕ್ಕುಗಳಲ್ಲಿ ಸ್ವಲ್ಪಮಾತ್ರ ಬರುತ್ತವೆ. ಹಸುವಿನ ಮಾಸು ಅವನ್ನು ದಾಟಲು ಬಿಡುವುದೇ ಇಲ್ಲ. ಬಳ್ಳಿ ಕರುವಿಗೆ ಅನ್ನ ಕೊಟ್ಟಿದೆ, ರಕ್ಷಣೆ ಕೊಟ್ಟಿಲ್ಲ. ಆ ರಕ್ಷಣೆ ಬರುವುದು ಗಿಣ್ಣಿನಿಂದ. ಅದನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಮೊದಲ ಒಂದು ದಿನ ಮಾತ್ರ, ಅದೂ ಗಂಟೆಗಂಟೆಗೆ ಕುಗ್ಗುತ್ತದೆ. ಮಾಸು ಬೀಳುವ ತನಕ ಗಿಣ್ಣು ಕುಡಿಸಬಾರದೆಂದು ಕಾಯುವವರು ಈ ಅಮೂಲ್ಯ ಹೊತ್ತನ್ನು ಕಳೆಯುತ್ತಾರೆ.

ಇವೆರಡನ್ನೂ ಮಾಡದಿದ್ದರೆ ಆಗುವುದೇನು? ಕೆಲವು ದಿನಗಳಲ್ಲಿ ಹೊಕ್ಕುಳು ದಪ್ಪನಾಗಿ ಬಿಸಿಯಾಗುತ್ತದೆ, ಮುಟ್ಟಿದರೆ ಕರು ಬೆನ್ನು ಬಾಗಿಸುತ್ತದೆ. ಮುಂದೆ ರೋಗಾಣು ರಕ್ತದಲ್ಲಿ ಹರಿದು ಮಂಡಿ, ಹಿಂಗಾಲಿನ ಕೀಲುಗಳಲ್ಲಿ ನೆಲೆಸಿ ಬಾವು ಬರಿಸುತ್ತದೆ. ಕುಂಟುತ್ತಿರುವ ಎಳೆಗರುವನ್ನು "ತುಳಿದಿರಬೇಕು" ಎಂದು ಕಾಲಿಗೆ ಎಣ್ಣೆ ತಿಕ್ಕುವ ಮೊದಲು ಹೊಕ್ಕುಳು ಮುಟ್ಟಿ ನೋಡಿ. ಕೀಲಿಗೆ ಇಳಿದ ರೋಗಕ್ಕೆ ಚಿಕಿತ್ಸೆ ಮಾಡಿದರೂ ಕರು ಸೊಟ್ಟಕಾಲಿನದಾಗಿ ಉಳಿಯಬಹುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯುತ್ತೇವೆಯೇ ಹೊರತು ಕಾಯಿ ಉದುರಿದ ಮೇಲಲ್ಲ. ಹೊಕ್ಕುಳಿಗೆ ಅಯೋಡಿನ್ ಕೂಡ ಹಾಗೆಯೇ.

ಒಂದು ಎಚ್ಚರಿಕೆ. ನಾಟಿ ತಳಿಯ ದನಗಳಲ್ಲಿ ಹೊಕ್ಕುಳ ಬಳಿ ಚರ್ಮದ ಮಡಿಕೆಯೊಂದು ಇಳಿಬಿದ್ದಿರುತ್ತದೆ. ಗೀರ್, ಸಾಹಿವಾಲ್ ತಳಿಗಳಲ್ಲಿ ಇದು ಎದ್ದು ಕಾಣುವಷ್ಟು ದೊಡ್ಡದು. ನಮ್ಮ ಹಳ್ಳಿಕಾರ್ ತಳಿಯಲ್ಲಿ, ಪಕ್ಕದ ಅಜ್ಜಂಪುರದಲ್ಲಿ ಸಾಕುವ ಅಮೃತಮಹಲ್ ತಳಿಯಲ್ಲಿ, ಮೈ ಬಿಗಿಯಾಗಿರುವುದರಿಂದ ಚಿಕ್ಕದು. ಈ ಮಡಿಕೆ ರೋಗವಲ್ಲ. ಹಿಡಿದು ನೋಡಿದರೆ ಬರೀ ಎರಡು ಪದರ ಚರ್ಮ ಸಿಕ್ಕುತ್ತದೆ. ಚರ್ಮದೊಳಗೆ ಉಂಡೆ ಸಿಕ್ಕಿ, ಒತ್ತಿದರೆ ಒಳಹೋಗಿ, ಎರಡು ಮೂರು ಬೆರಳು ಹಿಡಿಯುವ ರಂಧ್ರ ತಿಳಿದರೆ ಅದು ಹರ್ನಿಯಾ. ಮಿಶ್ರತಳಿ ಕರು ಕೊಳ್ಳುವಾಗ ಹೊಟ್ಟೆಯಡಿ ಕೈಯಾಡಿಸಿ ನೋಡಿಯೇ ಬೆಲೆ ಮಾತಾಡಿ.

ನೆನಪಿಡಬೇಕಾದ ಅಂಶಗಳು

— ಹುಟ್ಟಿದ ದಿನ: ಬಳ್ಳಿ ಎಳೆಯಬೇಡಿ. ಕರುವಿಗೆ ಅಯೋಡಿನ್ ಮತ್ತು ಗಿಣ್ಣು. ನಾಯಿ ಬೆಕ್ಕಿನ ಮರಿಗಳಿಗೆ ಒಣ ಬಟ್ಟೆಯ ಹಾಸು.

— ಐದನೆಯ ದಿನ: ನಾಯಿ ಬೆಕ್ಕಿನ ಮರಿಗಳಲ್ಲಿ ಬಳ್ಳಿ ಉದುರಿದೆಯೇ, ಜಾಗ ಒಣಗಿದೆಯೇ ನೋಡಿ.

— ಹತ್ತನೆಯ ದಿನ: ಕರುವಿನ ಹೊಕ್ಕುಳು ಒಣಗಿ ಮುದುಡಿದೆಯೇ, ಕೀಲುಗಳು ಸರಿಯಿವೆಯೇ ಮುಟ್ಟಿ ನೋಡಿ.

— ಎರಡು ತಿಂಗಳಿಗೆ: ಮರಿಯನ್ನು ಬೇರೆಯವರಿಗೆ ಕೊಡುವ ಅಥವಾ ತರುವ ಮುನ್ನ ಹೊಕ್ಕುಳು ಒತ್ತಿ ಪರೀಕ್ಷಿಸಿ.

ತೊಂದರೆ ಕಂಡಾಗ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಬಹುದು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಎಂಬ ಸಂಖ್ಯೆಗೆ ಕರೆ ಮಾಡಬಹುದು. ಹೆಚ್ಚಿನ ಶಸ್ತ್ರಚಿಕಿತ್ಸೆ ಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಮಗೆ ದೂರವಲ್ಲ.

ಒಂದು ಶೀಶೆ ಟಿಂಚರ್ ಅಯೋಡಿನ್, ಒಂದು ಉಂಡೆ ದಾರ, ಒಂದು ಸಣ್ಣ ಕತ್ತರಿ: ಇಷ್ಟನ್ನು ಡಬ್ಬಿಯೊಂದರಲ್ಲಿಟ್ಟು ಕೊಟ್ಟಿಗೆಯ ಗೂಡಿನಲ್ಲಿ, ಮಕ್ಕಳ ಕೈಗೆಟುಕದಂತೆ, ಇಂದೇ ಇಡಿ. ಹಸು ಕರು ಹಾಕುವುದು ಸಾಮಾನ್ಯವಾಗಿ ಅಂಗಡಿ ಮುಚ್ಚಿದ ಹೊತ್ತಿನಲ್ಲಿ.